ಕೆಂಪು ಕಾಳಿನ ಕಲ್ಲು

ಬೇಸಿಗೆಯಲ್ಲೂ ಮೊಮ್ಮಗಳ ತಲೆಗೆ ಎರಡೆರಡು ಟೋಪಿ ಹಾಕುವ ಮುದುಕ ಎಂದರೆ ಸಾಕು, ನಮ್ಮೂರಿನಲ್ಲಿ ಯಾರಾದರೂ ಮಾರ್ಕೋಸಿಯ ಮನೆ ತೋರಿಸುತ್ತಾರೆ. ಒಳಗೊಂದು ಉಣ್ಣೆಯದು, ಅದರ ಮೇಲೊಂದು ನರಿಯ ತುಪ್ಪಳದ್ದು. ಮಗು ಬೆವರಿ ಕೆಂಪಗಾಗಿ ಕಿತ್ತೆಸೆದರೂ ಬಿಡುವ ಆಸಾಮಿಯಲ್ಲ. ಹಿಂದೆಯೇ ಹೋಗಿ, ನೋಯುವ ಮಂಡಿ ಬಗ್ಗಿಸಿ, ಟೋಪಿ ಎತ್ತಿ ಧೂಳು ಕೊಡವಿ, "ಹಾಕ್ಕೊಳಮ್ಮ, ಚಳಿ" ಎನ್ನುತ್ತಿದ್ದ. ಜನ ಹಲ್ಲು ಕಿಸಿಯುತ್ತಿದ್ದರು. ಅವರನ್ನೂ ಅನ್ನುವಂತಿಲ್ಲ ಬಿಡಿ, ಉತ್ತರ ಧ್ರುವದ ಕಡೆಯ ನಮ್ಮ ನೆಲದಲ್ಲಿ ಚಳಿಗಾಲ ಉದ್ದ, ನಗುವುದಕ್ಕೆ ವಿಷಯ ಕಡಿಮೆ.

ಆ ಮಗುವಿನ ಹೆಸರು ಅಲೂಕಿ. ಅದು ಮಾರ್ಕೋಸಿಯ ತಾಯಿಯ ಹೆಸರು. ಸತ್ತವರ ಹೆಸರಿಟ್ಟ ಮೇಲೆ ಮಗುವೇ ಅವರು. ನಮ್ಮಲ್ಲಿ ಇದಕ್ಕೆ ಎರಡನೇ ಮಾತಿಲ್ಲ. ಹಾಗಾಗಿ ಕೂದಲು ನೆರೆತ ಮುದುಕ ಆ ಪುಟ್ಟ ಹುಡುಗಿಯನ್ನು "ಅಮ್ಮ" ಎಂದು ಕರೆಯುತ್ತಿದ್ದ, ಅವಳು ಅವನನ್ನು "ಮಗಾ" ಎನ್ನುತ್ತಿದ್ದಳು. "ಮಗಾ, ಬೂಟಿನ ದಾರ ಕಟ್ಟು" ಎಂದು ಅಂಗಡಿಯ ನಡುಮಧ್ಯೆ ಕಾಲು ಚಾಚಿದರೆ ಮಂಡಿಯೂರಿ ಕಟ್ಟುತ್ತಿದ್ದ.

ಎರಡು ಟೋಪಿಯ ಕಾರಣ ಗೊತ್ತಿದ್ದದ್ದು ಅವನ ದೊಡ್ಡಪ್ಪನ ಮಗಳು ಊಲಿಪೀಕಾಳಿಗೆ ಮಾತ್ರ.

ಅವನು ಈ ಮೊಮ್ಮಗಳಷ್ಟೇ ಇದ್ದಾಗ ಈ ಊರು ಊರಾಗಿರಲಿಲ್ಲ. ಕೊಲ್ಲಿಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಬಿಡಾರ, ಅಷ್ಟೆ. ಒಂದೊಂಟಿ ಬಿಡಾರದಲ್ಲಿ ಅಪ್ಪ, ಅಮ್ಮ, ಇವನು. ನಡುಚಳಿಗಾಲದಲ್ಲಿ ಅಮ್ಮ ಕೆಮ್ಮಿ ಕೆಮ್ಮಿ ತೀರಿಕೊಂಡಳು. ನಮ್ಮ ನೆಲ ಅಪ್ಪಟ ಬಂಡೆ, ಅಗೆಯುವ ಮಾತೇ ಇಲ್ಲ. ಸತ್ತವರನ್ನು ಬಂಡೆಯ ಮೇಲೆ ಮಲಗಿಸಿ ಕಲ್ಲು ಪೇರಿಸಿ ಮುಚ್ಚುತ್ತೇವೆ. ಆದರೆ ಆ ಚಳಿಯಲ್ಲಿ ಕಲ್ಲುಗಳೆಲ್ಲ ನೆಲಕ್ಕೆ ಹೆಪ್ಪುಗಟ್ಟಿ ಅಂಟಿದ್ದವು. ಅಪ್ಪ ಹಾರೆ ಹಿಡಿದು ಅಂಗೈ ಚರ್ಮ ಕಿತ್ತುಬರುವ ತನಕ ಮೀಟಿದರೂ ಕೈಗೆ ಬಂದವು ನಾಲ್ಕೈದು. ಮಾರ್ಕೋಸಿ ಒಳಗೆ ಓಡಿದ. ಅಪ್ಪ ಎಲ್ಲಿಂದಲೋ ದೋಣಿಯಲ್ಲಿ ತಂದಿದ್ದ, ಸೀಲ್ ಚರ್ಮ ಹಿಗ್ಗಿಸುವಾಗ ಅಮ್ಮ ಅಂಚಿಗೆ ಭಾರ ಇಡುತ್ತಿದ್ದ ಕಲ್ಲೊಂದು ದೀಪದ ಪಕ್ಕ ಇತ್ತು. ಮೈತುಂಬ ಕೆಂಪು ಕಾಳು, ನಡುವೆ ಕೂಸಿಗೆ ಉಡಿದಾರ ಕಟ್ಟಿದಂತೆ ಒಂದು ಬಿಳಿ ಗೆರೆ. ಅದನ್ನು ಎದೆಗವುಚಿಕೊಂಡು ಏದುಸಿರು ಬಿಡುತ್ತಾ ತಂದು ಅಮ್ಮನ ತಲೆಯ ಬಳಿ ಇಟ್ಟ. ಉಳಿದ ಮೈಗೆ ಬರೀ ಹಿಮದ ಗಟ್ಟಿ.

"ನೆಲ ಬಿಟ್ಟುಕೊಳ್ಳಲಿ, ಬೇಸಿಗೇಲಿ ಸರಿಯಾಗಿ ಮುಚ್ಚೋಣ" ಎಂದ ಅಪ್ಪ.

ಆ ಬೇಸಿಗೆ ಅವರ ಪಾಲಿಗೆ ಬರಲೇ ಇಲ್ಲ. ನಾಯಿಗಳಿಗೆ ರೋಗ ಬಿದ್ದು ಒಂದೊಂದೇ ಸತ್ತವು. ಹಿಮಗಾಡಿ ಎಳೆಯುವ ನಾಯಿಯಿಲ್ಲದೆ ಬೇಟೆಯಿಲ್ಲ, ಬೇಟೆಯಿಲ್ಲದೆ ಕೂಳಿಲ್ಲ. ಹಿಮ ಕರಗುವ ಮೊದಲೇ ವಿಮಾನ ಬಂದು ಕೊಲ್ಲಿಯ ಎಲ್ಲ ಬಿಡಾರಗಳವರನ್ನೂ ಇಲ್ಲಿಗೆ ತಂದು ಇಳಿಸಿತು. ಅಪ್ಪನ ಎದೆಗೂ ಅದೇ ಕೆಮ್ಮು ಹತ್ತಿತು. ದಕ್ಷಿಣದ ಆಸ್ಪತ್ರೆಗೆ ಹಡಗು ಹತ್ತುವಾಗ ಮಗನ ಭುಜ ಹಿಡಿದು, "ನಿಮ್ಮಮ್ಮನ್ನ ಹಾಗೇ ಬಿಟ್ಟುಬಿಡಬೇಡ ಕಣೋ" ಎಂದವನು ಮತ್ತೆ ಬರಲಿಲ್ಲ.

ಮಾರ್ಕೋಸಿ ಹೇಗೋ ದೊಡ್ಡವನಾದ. ಸೀಲ್ ಬೇಟೆಯಾಡಿದ, ಊರಿಗೆ ನೀರಿನ ಲಾರಿ ಓಡಿಸಿದ, ಮದುವೆಯಾದ, ಹೆಂಡತಿಯನ್ನು ಕಳೆದುಕೊಂಡ. ದೋಣಿ ಕೈಗೆ ಬಂದಂದಿನಿಂದ ಬೇಸಿಗೆ ಬೇಸಿಗೆ ಕೊಲ್ಲಿಗೆ ಹೋಗಿ ಹುಡುಕಿದ. ಕೊಲ್ಲಿಯ ಕವಲುಗಳೋ, ಅಕ್ಕತಂಗಿಯರ ಹಾಗೆ ಎಲ್ಲ ಒಂದೇ ಮುಖ. ಹಿಮ ಹೊದ್ದಾಗ ಎಳೆಗಣ್ಣಿನಿಂದ ಕಂಡ ದಡವನ್ನು ಹಿಮ ಕಳಚಿದ ಮೇಲೆ ಗುರುತು ಹಿಡಿಯುವುದಾದರೂ ಹೇಗೆ? ಬರಿಗೈಯಲ್ಲಿ ವಾಪಸಾಗಿ, ಸೀಲ್ ಸಿಗಲಿಲ್ಲ ಎಂದು ಸುಳ್ಳು ಹೇಳುತ್ತಿದ್ದ. ಹೆತ್ತವಳು ಎಲ್ಲಿ ಮಲಗಿದ್ದಾಳೋ ಗೊತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳಿಯಾನು? ಆಮೇಲೆ ಮೊಮ್ಮಗಳು ಹುಟ್ಟಿದಳು, ಅಮ್ಮನ ಹೆಸರು ಅವಳಿಗೆ ಬಂತು, ಟೋಪಿಗಳೂ ಬಂದವು.

ಹೋದ ಬೇಸಿಗೆ ಬಂಡೆಗಳ ನಕ್ಷೆ ಮಾಡುವವರು ಬಂದು ಅದೇ ಕೊಲ್ಲಿಯ ಬಾಯಲ್ಲಿ ಡೇರೆ ಹೊಡೆದರು. ಹೆಲಿಕಾಪ್ಟರ್ ಬೆಳಿಗ್ಗೆ ಅವರನ್ನು ಬೇರೆ ಬೇರೆ ಗುಡ್ಡಗಳ ಮೇಲೆ ಇಳಿಸಿ ಹೋಗುತ್ತಿತ್ತು. ಸಂಜೆಯ ತನಕ ಅವರು ಒಂದೊಂದು ಬಂಡೆಯನ್ನೂ ಸವರಿ, ಸುತ್ತಿಗೆಯಿಂದ ಒಡೆದು, ಒಂದು ಜಾತಿಯ ಬಂಡೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುತ್ತಿದ್ದರು. ಕರಡಿ ಬಾರದಂತೆ ಅವರನ್ನು ಕಾಯಲು ಬಂದೂಕು ಹಿಡಿಯುವವರು ಬೇಕಿದ್ದರು. ಮಾರ್ಕೋಸಿ ಎಲ್ಲರಿಗಿಂತ ಮೊದಲು ಹೋಗಿ ನಿಂತ. ಕೊಲ್ಲಿಯ ಇಂಚಿಂಚೂ ನಡೆಯುವ ಜನ ಇನ್ನೆಲ್ಲಿ ಸಿಗಬೇಕು?

ಅಡಿಗೆಗೆಂದು ಬಂದಿದ್ದ ಊಲಿಪೀಕಾ ಅವನನ್ನು ಕೆಣಕುತ್ತಿದ್ದಳು.

"ಏನೋ, ಕರಡಿ ಕಾಯೋನು ನೆಲ ನೋಡ್ಕೊಂಡು ಓಡಾಡ್ತೀಯಂತಲ್ಲ? ಕರಡಿ ಏನು ಇಲಿ ಅಂದ್ಕೊಂಡ್ಯಾ?"

"ನಿನ್ನ ರೊಟ್ಟಿ ಸೀದ ವಾಸನೆಗೆ ಕರಡಿ ಈ ಕಡೆ ತಲೆ ಹಾಕಲ್ಲಕ್ಕ. ಆರಾಮಾಗಿರು."

ಆಮೇಲೆ ಅವಳು ದನಿ ತಗ್ಗಿಸಿ, "ಸಿಕ್ತೇನೋ?" ಎನ್ನುತ್ತಿದ್ದಳು. ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ.

ಡೇರೆ ಕೀಳುವ ದಿನ ಹತ್ತಿರ ಬಂತು. ಒಂದು ಸಂಜೆ ಊಟದ ಡೇರೆಯಲ್ಲಿ, ನಕ್ಷೆಯವರ ಮುಖ್ಯಸ್ಥೆ ಸೊಲಾಂಜ್ ಚೀಲದಿಂದ ಕಲ್ಲಿನ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅಂದು ಅವಳು ಬೇರೆ ಕಾವಲಿನವನ ಜೊತೆ ಬೇರೊಂದು ಕವಲಿಗೆ ಹೋಗಿದ್ದಳು.

"ನೋಡಿ, ಇವತ್ತೊಂದು ತಬ್ಬಲಿ ಸಿಕ್ತು. ಆ ಕವಲಲ್ಲಿ ಬಂಡೆಯೆಲ್ಲ ಬೂದು. ಇದೊಂದೇ ಕೆಂಪು ಕಾಳಿಂದು. ಈ ಜಾತಿ ಇರೋದು ಕೊಲ್ಲಿಯ ಆಚೆ ದಡದಲ್ಲಿ. ಯಾವ ಕಾಲದಲ್ಲೋ ಹಿಮನದಿ ಹೊತ್ತು ತಂದು ಇಲ್ಲಿ ಹಾಕಿರಬೇಕು."

ಮಾರ್ಕೋಸಿ ತಟ್ಟನೆ ಎದ್ದು ಬಂದ. ಕಲ್ಲನ್ನು ಕೈಗೆತ್ತಿಕೊಂಡು ತಿರುವಿದ. ಒಂದು ಕಡೆ ಹಳೆಯ ಮೈ, ಕಲ್ಲುಹೂವು ಹಿಡಿದಿತ್ತು. ಇನ್ನೊಂದು ಕಡೆ ಆಗ ತಾನೇ ಒಡೆದ ಮೈ, ಕೆಂಪು ಕಾಳುಗಳು ಫಳಫಳ ಎನ್ನುತ್ತಿದ್ದವು. ಬಿಳಿ ಗೆರೆ ಅರ್ಧಕ್ಕೇ ಕಡಿದುಹೋಗಿತ್ತು.

"ಹಿಮನದಿ ಅಲ್ಲಮ್ಮ" ಎಂದ. "ಹೊತ್ತು ತಂದವನು ನಾನು."

ಯಾರಿಗೂ ಅರ್ಥವಾಗಲಿಲ್ಲ. ಅವನು ಕಲ್ಲನ್ನು ಎದೆಗವುಚಿಕೊಂಡ. ಊಲಿಪೀಕಾ ಸೌಟು ಕೆಳಗಿಟ್ಟು, ಸೆರಗಿಲ್ಲದ ನಮ್ಮ ಹೆಂಗಸರು ಅಂಗಿಯ ತೋಳಿನಲ್ಲಿ ಕಣ್ಣೊರೆಸುವಂತೆ ಒರೆಸಿಕೊಂಡು, ಎಲ್ಲವನ್ನೂ ಹೇಳಿದಳು. ಸೊಲಾಂಜಳ ಮುಖ ಬಿಳಿಚಿತು.

"ಒಡೆದು ಹೊಸ ಮೈ ನೋಡದೆ ನಮಗೆ ಕಲ್ಲಿನ ಜಾತಿ ಗೊತ್ತಾಗಲ್ಲ, ಅದಕ್ಕೇ ಒಡೆದೆ... ಸಮಾಧಿ ಅಂತ ಗೊತ್ತಾದ್ರೆ ನಾವು ಹತ್ರಾನೂ ಹೋಗಲ್ಲ, ಆಣೆಗೂ. ನಾಲ್ಕೈದು ಕಲ್ಲು ಚೆಲ್ಲಾಡಿತ್ತು, ಅಷ್ಟೆ. ಅದು ಸಮಾಧಿ ಅನ್ಸೋ ಹಾಗೇ ಇರ್ಲಿಲ್ಲ, ಮಾರ್ಕೋಸಿ."

ಆ ಮಾತು ಅವನಿಗೆ ಚೂರಿ ಹಾಕಿದಂತೆ ನಾಟಿತು. ಅವಳ ಮೇಲೆ ಸಿಟ್ಟೇನೂ ಬರಲಿಲ್ಲ. "ಇರಲಿಲ್ಲ, ನಿಜ" ಎಂದ. "ಅದು ನಿನ್ನ ತಪ್ಪಲ್ಲ ತಾಯಿ. ನಾವು ಮುಚ್ಚೇ ಇರಲಿಲ್ಲ."

ಮಾರನೆಯ ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ಏಳುತ್ತಿತ್ತು. "ಮಂಜು ಕವಲಿನ ಬಾಯಿಗೆ ಬಂದ ಕೂಡ್ಲೆ ಹೊರಟುಬಿಡಬೇಕು" ಎಂದು ಹೆಲಿಕಾಪ್ಟರಿನವನು ಖಡಾಖಂಡಿತವಾಗಿ ಹೇಳಿ ಮಾರ್ಕೋಸಿ, ಸೊಲಾಂಜ್ ಇಬ್ಬರನ್ನೂ ಆ ಕವಲಿನಲ್ಲಿ ಇಳಿಸಿದ.

ನೋಡುವುದಕ್ಕೆ ಏನಿತ್ತು ಅಲ್ಲಿ? ಬೂದು ಬಂಡೆ, ಚೆದುರಿದ ಕಲ್ಲುಗಳು, ಒಡೆದ ಕೆಂಪು ಕಲ್ಲಿನ ಉಳಿದರ್ಧ. ಎಲುಬೊಂದೂ ಇರಲಿಲ್ಲ. ನರಿಗಳು, ಕರಡಿಗಳು, ಇಷ್ಟು ವರ್ಷಗಳ ಗಾಳಿ ಏನನ್ನು ಉಳಿಸಿಯಾವು? ಆದರೆ ಕೆಂಪು ಕಲ್ಲಿನಿಂದಾಚೆಗೆ, ಒಂದು ಆಳುದ್ದಕ್ಕೆ ಮಾತ್ರ ಹಾವಸೆ ದಪ್ಪಗೆ ಹಸಿರಾಗಿ ಬೆಳೆದಿತ್ತು. ಸುತ್ತ ಬರೀ ಬೋಳು. ಮಾರ್ಕೋಸಿ ಹಾವಸೆಯ ಮೇಲೆ ಅಂಗೈ ಊರಿ ಕುಳಿತ. ಒದ್ದೆಯಾಗಿತ್ತು, ತಣ್ಣಗಿತ್ತು.

"ತಡ ಆಯ್ತಮ್ಮ" ಎಂದ. "ತುಂಬಾ ತಡ ಮಾಡಿಬಿಟ್ಟೆ."

ಆಮೇಲೆ ಇಬ್ಬರೂ ಕಲ್ಲು ಹೊತ್ತರು. ಈಗ ಅವು ನೆಲಕ್ಕೆ ಅಂಟಿರಲಿಲ್ಲ, ಮುಟ್ಟಿದರೆ ಕೈಗೆ ಬರುತ್ತಿದ್ದವು. ಅದನ್ನು ಕಂಡು ಮುದುಕನಿಗೆ ಇನ್ನಷ್ಟು ಸಂಕಟವಾಯಿತು. ಸೊಲಾಂಜ್ ದೊಡ್ಡವನ್ನು ತಾನೇ ಹೊತ್ತಳು. ಒಡೆಯುವುದೇ ಕಸುಬಾದವಳು ಅಂದು ಸುತ್ತಿಗೆ ಮುಟ್ಟಲಿಲ್ಲ. ಮಂಜು ಕವಲಿನ ಬಾಯಿಗೆ ಬರುವಷ್ಟರಲ್ಲಿ ಹಸಿರು ಒಂದು ಚೂರೂ ಕಾಣದಂತೆ ಮುಚ್ಚಿತು. ಕೊನೆಗೆ ಕೆಂಪು ಕಲ್ಲಿನ ಎರಡು ಹೋಳನ್ನೂ ತಲೆಯ ಕಡೆ ಇಟ್ಟು, ಬಿಳಿ ಗೆರೆಗೆ ಬಿಳಿ ಗೆರೆ ಕೂಡಿಸಿದ. ಕೂಡಿತು, ಆದರೆ ಸೀಳು ಕಾಣುತ್ತಿತ್ತು.

ಊರಿನಲ್ಲಿ ವಿಮಾನ ಇಳಿಯುವ ಬಯಲಿನಲ್ಲಿ ಅಲೂಕಿ ಕಾಯುತ್ತಿದ್ದಳು. ಎರಡು ಟೋಪಿ, ಮೂಗಿನ ತುದಿಯಲ್ಲಿ ಬೆವರು.

"ಬಂದ್ಯಾ ಮಗಾ? ಏನ್ ತಂದೆ ನಂಗೆ?"

"ಏನೂ ತರಲಿಲ್ಲಮ್ಮ. ನಿನ್ನ ಮೇಲೆ ಕಲ್ಲು ಮುಚ್ಚಿ ಬಂದೆ."

ಮಗು ಬೆಚ್ಚಲಿಲ್ಲ. ಆ ಅಮ್ಮ ತಾನೇ ಎಂದು ಹುಟ್ಟಿದಂದಿನಿಂದ ಕೇಳಿದವಳು. ಕತ್ತೆತ್ತಿ ಕೇಳಿದಳು:

"ಅಲ್ಲಿ ನಂಗೆ ತುಂಬಾ ಚಳಿ ಆಗ್ತಿತ್ತಾ?"

"ಆಗ್ತಿತ್ತು ಕಣಮ್ಮ."

"ಈಗ?"

ಮುದುಕ ಕಣ್ಣೊರೆಸಿಕೊಂಡ. ಅವಳೇ ತುಪ್ಪಳದ ಟೋಪಿ ಕಿತ್ತು ಅವನ ಕೈಯಲ್ಲಿಟ್ಟಳು.

"ಈಗ ಆಗ್ತಿಲ್ಲ ಬಿಡು. ಅಳಬೇಡ ಮಗಾ."

ಮಾರ್ಕೋಸಿ ಆ ಟೋಪಿಯಲ್ಲಿ ಮುಖ ಮುಚ್ಚಿಕೊಂಡು, ಊರವರ ಎದುರೇ ಜಲ್ಲಿಯ ಮೇಲೆ ಕುಸಿದು ಕುಳಿತು, ಆರು ವರ್ಷದ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ. ಅಂದು ಯಾರೂ ನಗಲಿಲ್ಲ.