ಅಜ್ಜಿ ಬೆರಳಿಟ್ಟ ಮುಖ

ಆ ದಿನ ನಾವಿಬ್ಬರೂ ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿ ಹೊಸದುರ್ಗಕ್ಕೆ, ಅಲ್ಲಿಂದ ಬಾಗೂರಿಗೆ ಹೋದೆವು. ನಮ್ಮ ಯಜಮಾನರು ವಿಶ್ವವಿದ್ಯಾಲಯದ ಹಳೆಯ ದಾಖಲೆಗಳ ಕೋಣೆ ನೋಡಿಕೊಳ್ಳುತ್ತಿದ್ದರು. ರಜೆ ಬಂತೆಂದರೆ ಹಳೆಯ ಫೋಟೊಗಳನ್ನು ಹಿಡಿದು ಹಳ್ಳಿಗಳಿಗೆ ಹೊರಡುವುದು ಅವರ ರೂಢಿ. ಕುಲಪತಿಗಳ ಫೋಟೊಗಳ ಹಿಂದೆ ಹೆಸರುಗಳಿದ್ದವು. ಕಟ್ಟಡಕ್ಕೆ ಕಲ್ಲು ಹೊತ್ತವರ ಫೋಟೊ ಹಿಂದೆ ಏನೂ ಇರಲಿಲ್ಲ. ಅದನ್ನು ಅವರು ಸಹಿಸುತ್ತಿರಲಿಲ್ಲ.

ಆ ಕಲ್ಲು ಹೊರುವ ಕೆಲಸಕ್ಕೆ ಬಾಗೂರಿನಿಂದಲೂ ಕೆಲವರು ಹೋಗಿದ್ದರಂತೆ. ನಾವು ಹುಡುಕಿಕೊಂಡು ಹೋದ ಅಜ್ಜಿ ಕುರಿ ಸಾಕುವ ಮನೆಯವರು. ಜಗಲಿ ಮೇಲೆ ಕಂಬಳಿ ಹಾಸಿ, "ಕುಂತ್ಕಳ್ರಿ" ಅಂದರು. ಇವರು ಫೋಟೊ ತೆಗೆದು ಕೊಟ್ಟರು. ವಿಶ್ವವಿದ್ಯಾಲಯದ ಮೊದಲ ಕಟ್ಟಡ ಏಳುವಾಗ ತೆಗೆದದ್ದು. ಒಂದೇ ಥರ ರುಮಾಲು ಸುತ್ತಿದ ಗಂಡಸರು ಸಾಲಾಗಿ ನಿಂತಿದ್ದಾರೆ. ನಾನು ಒಳಗಿನಿಂದ ನೀರಿನ ಚೊಂಬು ತರುವಷ್ಟರಲ್ಲಿ ಅಜ್ಜಿ ಒಂದು ಮುಖದ ಮೇಲಿಟ್ಟ ಬೆರಳು ತೆಗೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಹೆಸರು ಹೇಳಜ್ಜಿ," ಅಂದರು ಇವರು.

"ಗಂಡನ ಹೆಸರು ನನ್ನ ಬಾಯಾಗೆ ಹೆಂಗಪ್ಪ ಬರ್ತೈತೆ?"

"ಮದುವ್ಯಾಗೆ ಒಗಟು ಹಾಕಿ ಹೇಳಿರ್ತೀಯಲ್ಲ, ಹಂಗೇ ಹೇಳು."

"ಲೇ, ಹಲ್ಲೇ ಇಲ್ಲ ಬಾಯಾಗೆ, ಒಗಟು ಎಲ್ಲಿಂದ ತರ್ಲಿ! ಮಗ ಕುರಿ ಹೊಡ್ಕಂಡು ಹಿರಿಯೂರು ಕಡೆ ಹೋಗ್ಯಾನೆ. ಅವ್ನು ಬಂದ ಮ್ಯಾಲೆ ಬರ್ರಿ, ಹೇಳ್ತಾನೆ."

"ಆಗ್ಲಿ ಬಿಡಜ್ಜಿ," ಎಂದು ಇವರೂ ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದೆ, "ಯಾವ ಮುಖ ಅಂತ ಗುರುತಾದ್ರೂ ಹಾಕ್ಕಳ್ರಿ."

"ಇಬ್ರು ಹೇಳೋ ತನಕ ಪೆನ್ಸಿಲ್ ಮುಟ್ಟಿಸಲ್ಲ ನಾನು. ತಪ್ಪು ಬಿದ್ರೆ ಅದೇ ಉಳ್ಕಂತೈತೆ. ತಲ್ಯಾಗೈತೆ ಬಿಡು."

ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಮಂಡಕ್ಕಿ ಕೊಂಡು ತಿಂದೆವು. ಮರುದಿನ ಬೆಳಗ್ಗೆ ಸ್ನಾನಕ್ಕೆ ನೀರು ತೋಡುತ್ತಿದ್ದಾಗ ಇವರು ಅಲ್ಲೇ ಕುಸಿದರು. ಆಸ್ಪತ್ರೆಗೆ ಜೀವ ತಲುಪಲಿಲ್ಲ.

ಅವರ ಚೀಲದಲ್ಲಿದ್ದ ಫೋಟೊ ತೆಗೆದು ನೋಡುವ ಧೈರ್ಯ ಬರಲು ನನಗೆ ಬಹಳ ದಿನ ಬೇಕಾಯಿತು. ಒಬ್ಬಳೇ ಬಾಗೂರಿಗೆ ಹೋದೆ. ಅಷ್ಟರಲ್ಲಿ ಅಜ್ಜಿಯೂ ಹೋಗಿಬಿಟ್ಟಿದ್ದರು. ಮಗ ಮನೆಯಲ್ಲಿದ್ದರು. ಅಪ್ಪನ ಹೆಸರು ಕೇಳಿದ ಕೂಡಲೇ ಹೇಳಿದರು. ಆಮೇಲೆ ಫೋಟೊ ಇಸಿದುಕೊಂಡು ನನ್ನನ್ನೇ ಕೇಳಿದರು, "ಇದ್ರಾಗೆ ನಮ್ಮಪ್ಪ ಯಾರಕ್ಕ? ನಾನು ಹೊಟ್ಟ್ಯಾಗಿದ್ದಾಗ್ಲೇ ತೀರ್ಕಂಡ. ಮನ್ಯಾಗೆ ಒಂದು ಫೋಟೊನೂ ಇಲ್ಲ."

ಅಜ್ಜಿ ತೋರಿಸಿದಾಗ ನಾನು ನೀರು ತರಲು ಒಳಗೆ ಹೋಗಿದ್ದೆ, ನೋಡಲಿಲ್ಲ ಅಂದೆ.

ಅವರ ಹೆಂಡತಿ ಬಗ್ಗಿ ನೋಡಿ, "ಈ ಮೂಗು ನಿಮ್ದೇ ನೋಡ್ರಿ" ಅಂದರು. ಇನ್ನೊಂದು ಮುಖ ತೋರಿಸಿ, "ಇವನ್ದೂ ಹಂಗೇ ಐತಲ್ಲ" ಅಂದರು. ಆ ಕೆಲಸಕ್ಕೆ ಹೋದವರು ಊರಲ್ಲಿ ಈಗ ಯಾರೂ ಇಲ್ಲವಂತೆ. ಮಗ ಫೋಟೊವನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಮುಖದ ಮೇಲೆ ಹೆಬ್ಬೆರಳು ಸವರುತ್ತ ಕುಳಿತರು. ಅದನ್ನು ಅವರ ಕೈಯಿಂದ ವಾಪಸು ಪಡೆಯುವುದು ನನಗೆ ಕಷ್ಟವಾಯಿತು. ಇಂಥ ಮುಖಗಳು ನಮ್ಮವರ ತಲೆಯಲ್ಲಿ ಇನ್ನೆಷ್ಟಿದ್ದವೋ. ಎಲ್ಲ ಅವರ ಜೊತೆಗೇ ಮಣ್ಣಾದವು.

ದಾಖಲೆ ಕೋಣೆಗೆ ಈಗ ಬೇರೆಯವರು ಬಂದಿದ್ದಾರೆ. ಫೋಟೊ ಒಪ್ಪಿಸಿ, ಹೆಸರು ಹೇಳಿದೆ. "ಯಾರ ಹೆಸರಮ್ಮ ಇದು, ಎಡಗಡೆಯಿಂದ ಎಷ್ಟನೆಯವರು?" ಎಂದು ಪೆನ್ಸಿಲ್ ಹಿಡಿದು ಕೇಳಿದರು. ಗೊತ್ತಿಲ್ಲ ಅಂದೆ. ಅವರು ಪೆನ್ಸಿಲ್ ಕೆಳಗಿಟ್ಟರು.

ಅಜ್ಜಿ ಬೆರಳಿಟ್ಟದ್ದು ಯಾವ ಮುಖದ ಮೇಲೆ ಎಂಬುದು ಇವತ್ತಿಗೂ ಗೊತ್ತಾಗಿಲ್ಲ.