ಬಚ್ಚಲ ಬಿಳಿ ಕಲೆ ಮತ್ತು ಅವ್ವನ ಉಸಿರು

ನಮ್ಮವ್ವನಿಗೆ ದೇವರ ಮೇಲೆ ಎಷ್ಟು ಭಕ್ತಿಯಿತ್ತೋ, ಬಚ್ಚಲ ಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ಇದನ್ನು ಅವಳೆದುರೇ ಹೇಳಿ ಬೈಸಿಕೊಂಡಿದ್ದೇನೆ. ಶಿರಗುಪ್ಪಿಯಲ್ಲಿ ಸಗಣಿ ಸಾರಿಸಿ, ಬೂದಿಯಲ್ಲಿ ಪಾತ್ರೆ ತಿಕ್ಕಿ ಬೆಳೆದವಳು. ಅಪ್ಪ ತೀರಿಕೊಂಡ ಮೇಲೆ ಬೈರಿದೇವರಕೊಪ್ಪದ ನನ್ನ ಮನೆಗೆ ಬಂದಳು. ಇಲ್ಲಿ ಅವಳಿಗೆ ಎದುರಾದ ವೈರಿ ಬೋರ್‌ವೆಲ್ ನೀರಿನ ಬಿಳಿ ಕಲೆ. ನಲ್ಲಿಯ ಮೇಲೆ, ಟೈಲ್ಸ್ ಮೇಲೆ, ಬಕೆಟ್ಟಿನ ಅಂಚಿಗೆ, ಎಲ್ಲ ಕಡೆ ಅದೇ. ನನಗೆ ಅದು ನೀರಿನ ಗುಣ, ಅವಳಿಗೆ ಮನೆತನದ ಮರ್ಯಾದೆಯ ಪ್ರಶ್ನೆ.

ಹಳೆಯ ಬಾಟಲಿಗಳಲ್ಲಿ ಫಿನೈಲು, ಆ್ಯಸಿಡ್ಡು ತುಂಬಿಕೊಂಡು ಗಾಡಿಯವನೊಬ್ಬ ಓಣಿಗೆ ಬರುತ್ತಿದ್ದ. ಅವ್ವ ಅವನ ಕಾಯಂ ಗಿರಾಕಿ. ಮೂಗು ಉರಿಯುವಂಥ ವಾಸನೆ ಬಂದರಷ್ಟೇ ಅವಳ ಪಾಲಿಗೆ ನೆಲ ಸ್ವಚ್ಛ. ಅವಳಿಗೆ ಕೆಮ್ಮು ಶುರುವಾದಾಗ ನಾವು ರಸ್ತೆಯ ಧೂಳನ್ನು ಬೈದೆವು, ಮೆಣಸಿನಕಾಯಿ ಒಗ್ಗರಣೆಯನ್ನು ಬೈದೆವು, ಧಾರವಾಡದಲ್ಲಾದರೂ ಮನೆ ಮಾಡಬೇಕಿತ್ತು, ಗಾಳಿ ಛಲೋ ಅಂದೆವು. ಬಚ್ಚಲು ತೊಳೆದ ದಿನವೇ ಕೆಮ್ಮು ಹೆಚ್ಚು ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ನಮ್ಮಲ್ಲಿ ಮಹಾನವಮಿಗೆ ಘಟ ಹಾಕುವ ಮುಂಚೆ ಮನೆಯನ್ನೆಲ್ಲ ತೊಳೆಯಬೇಕು. ಕೌದಿಯಿಂದ ಹಿಡಿದು ಕಾಳಿನ ಡಬ್ಬಿಯವರೆಗೆ ಯಾವುದಕ್ಕೂ ವಿನಾಯಿತಿಯಿಲ್ಲ. ಆ ವರ್ಷ ನೀರಿನ ಟಾಕಿ ತೊಳೆದು ಉಳಿದ ಬ್ಲೀಚಿಂಗ್ ಪೌಡರನ್ನು ಅವ್ವ ಬಚ್ಚಲಿಗೆ ಚೆಲ್ಲಿದಳು. ಅದರ ಮೇಲೆ ಆ್ಯಸಿಡ್ಡು ಸುರಿದಳು. ಒಂದಕ್ಕೇ ಇಷ್ಟು ಹೋಗುವ ಕಲೆ ಎರಡು ಸೇರಿದರೆ ಎಲ್ಲಿ ನಿಂತೀತು ಎಂಬ ಲೆಕ್ಕ ಅವಳದು. ಇದರ ಮೇಲೆ ಇನ್ನೊಂದು ನೇಮ: ಬಚ್ಚಲು ತೊಳೆದವಳು ಅಲ್ಲೇ ಜಳಕ ಮುಗಿಸಿ ಹೊರಗೆ ಬರಬೇಕು, ಮೈಲಿಗೆಯ ಕಾಲಲ್ಲಿ ತೊಳೆದ ಮನೆ ತುಳಿಯಬಾರದು. ಬಾಗಿಲು ಹಾಕಿಕೊಂಡಳು. ಕಣ್ಣು ಉರಿದವಂತೆ, ಎದೆ ಹಿಡಿಯಿತಂತೆ. ಆದರೂ ಮೈಮೇಲೆ ನೀರು ಬಿದ್ದಿರಲಿಲ್ಲವಲ್ಲ, ಹೊರಗೆ ಹೇಗೆ ಬಂದಾಳು? ಕೊನೆಗೆ ಎರಡು ತಂಬಿಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಾಗಿಲು ತೆಗೆದು ಹೊಸ್ತಿಲ ಮೇಲೆ ಕುಸಿದಳು. ಒಲೆಯ ಮುಂದಿದ್ದ ನಾನು ಓಡಿ ಹೋಗಿ ಹಿಡಿದಾಗ ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ.

ಜೀವ ಉಳಿಯಿತು. ಅವೆರಡು ಕೂಡಿದರೆ ವಿಷದ ಗಾಳಿ ಏಳುತ್ತದೆ, ಇವರ ಪುಪ್ಪುಸ ಇಷ್ಟು ವರ್ಷ ಇಂಥದ್ದನ್ನೇ ಕುಡಿದು ಮೊದಲೇ ಸೋತಿತ್ತು ಎಂದು ಡಾಕ್ಟರು ವಿವರಿಸಿದರು. ಇನ್ನು ಫಿನೈಲಿನ ವಾಸನೆಯೂ ಮೂಗಿಗೆ ಬೀಳಬಾರದು, ಉಸಿರಿನ ಪಂಪು ಯಾವಾಗಲೂ ಕೈಯಲ್ಲಿರಬೇಕು ಅಂದರು.

ಬಾಟಲಿಗಳನ್ನೆಲ್ಲ ನಾನು ಮನೆಯಿಂದ ಹೊರಗೆ ಹಾಕಿದೆ. ಪಕ್ಕದ ಮನೆಯ ಅಕ್ಕನಿಗೂ ಹೇಳಿದೆ. ಪಾಪ, ಅವರೂ ತಮ್ಮ ಕಟ್ಟೆಗೆ ಫಿನೈಲು ಹಾಕುವುದನ್ನು ಬಿಟ್ಟರು. ಬಿಳಿ ಕಲೆ ಮಾತ್ರ ಬಿಟ್ಟ ಜಾಗಕ್ಕೆ ಮತ್ತೆ ಬಂದು ಕೂತಿತು. ಯಾರಾದರೂ ಮನೆಗೆ ಬಂದರೆ ಅವ್ವ ನೀರು ಕೊಡುವ ಮೊದಲೇ ಬಚ್ಚಲ ವಿಷಯ ತೆಗೆದು ತಪ್ಪೊಪ್ಪಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಬ್ರಷ್ ಹಿಡಿದು ಬಗ್ಗಿದವಳನ್ನು ಎಬ್ಬಿಸಿ ತಂದು ಕುರ್ಚಿಯಲ್ಲಿ ಕೂರಿಸಿ, ಸುಮ್ಮನೆ ಕೂತಿರು ಎಂದು ಗದರಿದೆ. ಅವಳು ದಮ್ಮು ಹಿಡಿದು ಹಿಡಿದು ಕೇಳಿದಳು:

“ಸುಮ್ನ ಕುಂದ್ರಾಕ ಇಷ್ಟು ಉಸಿರು ಯಾಕ ಬೇಕವಾ ನನಗ?”

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅವಳನ್ನು ಉಳಿಸಿಕೊಳ್ಳಬೇಕಿತ್ತು ನನಗೆ. ಉಳಿದು ಅವಳು ಏನು ಮಾಡಬೇಕು ಎಂದು ನಾನು ಯೋಚಿಸಿರಲೇ ಇಲ್ಲ.

ಮರುವರ್ಷದ ಚಳಿಗಾಲದಲ್ಲಿ ನೆಗಡಿ ಎದೆಗಿಳಿಯಿತು. ಆಸ್ಪತ್ರೆಯಿಂದ ಅವಳು ತಿರುಗಿ ಬರಲಿಲ್ಲ.

ಮಣ್ಣು ಮಾಡಿ ಬರುವಷ್ಟರಲ್ಲಿ ಓಣಿಯ ಹೆಂಗಸರು ಸೇರಿ ಮನೆ ತೊಳೆದಿದ್ದರು. ನೆಲ ಮಿರಿಮಿರಿ ಹೊಳೆಯುತ್ತಿತ್ತು. ಅವ್ವನಿಗೆ ಹೊಲಸು ಕಂಡರೆ ಆಗುತ್ತಿರಲಿಲ್ಲವೆಂದು ಪಕ್ಕದ ಮನೆಯ ಅಕ್ಕ ಅಂದು ಮಾತ್ರ ಫಿನೈಲು ತಂದು, ಪ್ರೀತಿಯಿಂದ ಮೂಲೆಮೂಲೆಗೂ ಹಾಕಿದ್ದರು. ಹೊಸ್ತಿಲಲ್ಲಿ ಕಾಲಿಟ್ಟ ಕೂಡಲೇ ಆ ವಾಸನೆ ನನ್ನ ಮುಖಕ್ಕೆ ಹೊಡೆಯಿತು.

“ಅಕ್ಕಾರ, ಲಗೂನ ಕಿಟಕಿ ತೆಗೀರಿ,” ಅಂದೆ. “ಅವ್ವಗ ಆಗಂಗಿಲ್ಲ.”

ಅಕ್ಕ ಕೈಯಲ್ಲಿದ್ದ ಒದ್ದೆ ಅರಿವೆಯನ್ನು ಕೆಳಗಿಟ್ಟು, ಒಂದೊಂದಾಗಿ ಎಲ್ಲ ಕಿಟಕಿ ತೆಗೆದರು.