ಮರಡಿಯ ಮೇಲೆ ಬಾಗಿದ ಗೆರೆ

ನಮ್ಮ ಮನೆತನದಲ್ಲಿ ಬೆಕ್ಕು ಅಡ್ಡ ಬಂದರೆ ಗಕ್ಕನೆ ನಿಲ್ಲುವವರೇ ಎಲ್ಲ. ನಾನೊಬ್ಬ ಮಾತ್ರ, ಅದಕ್ಕೂ ಏನೋ ಕೆಲಸವಿರುತ್ತದೆ, ಹೋಗಲಿ ಬಿಡಿ ಎನ್ನುವವನು. ಜಾಗದ ಮಹಿಮೆ, ಗಾಳಿ ಸೋಕಿದ್ದು ಎಂಬ ಮಾತು ಬಂದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕು ಹಿರಿಯರಿಂದ ಬೈಸಿಕೊಂಡದ್ದೂ ಉಂಟು. ಈಗ ಹೇಳಹೊರಟದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರಿಗೂ ನಕ್ಕುಬಿಡುತ್ತಿದ್ದೆ. ಓದುವ ನೀವು ನಕ್ಕರೂ ನನಗೆ ಬೇಸರವಿಲ್ಲ. ನಿಮ್ಮನ್ನು ನಂಬಿಸಲು ಬರೆಯುತ್ತಿಲ್ಲ. ಒಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳದೆ ಇರಲಾಗುತ್ತಿಲ್ಲ, ಅಷ್ಟೆ.

ಏಳೆಂಟು ವರ್ಷಗಳ ಹಿಂದಿನ ಮಾತು. ಬಾಗಲಕೋಟೆಯ ಒಂದು ಸಣ್ಣ ಕಚೇರಿಯಲ್ಲಿ ನನಗೆ ನಕಾಶೆ ಮಾಡುವ ಕೆಲಸ. ಬಾದಾಮಿಯಿಂದ ಇಳಕಲ್ಲಿನವರೆಗೆ ಊರೂರಿನ ಗುಡ್ಡ, ದನಕರು ಮೇಯುವ ಗಾಯರಾಣ, ಹಳ್ಳದ ದಂಡೆ ತಿರುಗಿ, ಯಾವ ಜಾಗ ಜನರಿಗೂ ಜೀವಜಂತುಗಳಿಗೂ ಏನು ಕೊಡುತ್ತದೆ ಎಂದು ನೋಡಬೇಕು. ಮೇವು ಎಷ್ಟಿದೆ, ಮಳೆನೀರು ಇಂಗುತ್ತದೆಯೇ, ಜೇನಿಗೆ ಹೂವಿದೆಯೇ, ಹಕ್ಕಿ ಗೂಡು ಕಟ್ಟುವ ಕಂಟಿ ಇದೆಯೇ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಅಂಕ ಹೆಚ್ಚು ಬಿದ್ದ ಜಾಗ ನಕಾಶೆಯಲ್ಲಿ ಹಸಿರಾಗುತ್ತದೆ, ಕಡಿಮೆ ಬಿದ್ದದ್ದು ಬೂದು. ಹಸಿರನ್ನು ಮುಟ್ಟಬಾರದು, ಬೂದು ಇದ್ದಲ್ಲಿ ಕಾರ್ಖಾನೆಯೋ ಕ್ವಾರಿಯೋ ಆಗಬಹುದು ಎಂದು ಮುಂದೆ ಯೋಜನೆ ಮಾಡುವವರು ತೀರ್ಮಾನಿಸುತ್ತಾರೆ. ಪರಿಸರದ ಸೇವೆಗಳ ನಕಾಶೆ ಎಂದು ಅದರ ಹೆಸರು.

ಹುನಗುಂದ ಮತ್ತು ಇಳಕಲ್ಲಿನ ನಡುವಿನ ಒಂದು ಹಳ್ಳಿಯ ಪಕ್ಕದಲ್ಲಿ ಮರಡಿಯೊಂದಿತ್ತು. ಗುಡ್ಡವೆನ್ನಲು ಎತ್ತರ ಸಾಲದು, ಬಯಲೆನ್ನಲು ಬರುವುದಿಲ್ಲ, ಕಲ್ಲು ಎದ್ದ ದಿಬ್ಬ. ಅಲ್ಲಿ ಕುರಿ ಮೇಯಿಸುತ್ತಿದ್ದ ಮಾಳಪ್ಪ ಎಂಬವರು ನನಗೆ ಜೊತೆಯಾದರು. ಅರವತ್ತು ದಾಟಿದವರು, ಕುರುಬರ ದೇವರು ಬೀರಪ್ಪನ ಒಕ್ಕಲು. ನನ್ನ ಕೆಲಸದ ಹೆಸರು ಕೇಳಿ ನಕ್ಕರು. “ಬೀರಪ್ಪಗ ನಾವು ಸೇವಾ ಮಾಡೂದು ಗೊತ್ತೈತ್ರಿ. ಮರಡಿ ನಮಗ ಸೇವಾ ಮಾಡೂದು ಇವತ್ತ ಕೇಳಿದೆ.” ಆಮೇಲೆ ತಾವೇ ಕೆಳಗೆ ಕೈ ತೋರಿಸಿ, “ಖರೆ ಅಂದ್ರ ಮಾಡತೈತಿ ಬಿಡ್ರಿ. ಆ ಬಾವಿ ನೋಡ್ರಿ, ನಮ್ಮಜ್ಜನ ಕಾಲದಿಂದ ಬತ್ತಿಲ್ಲ. ಅರ್ಧ ಊರು, ನನ್ನ ಕುರಿ ಎಲ್ಲಾ ಅದರ ಮ್ಯಾಲ ಅದಾವ” ಎಂದರು. ಆ ನೀರು ಮರಡಿಯಿಂದಲೇ ಬರುತ್ತದೆ ಎನ್ನಲು ಏನು ಗುರುತು ಎಂದು ಕೇಳಿದೆ. “ಗುರುತೇನ್ರಿ, ಬರತೈತಿ” ಎಂದರು. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಜಾಗವನ್ನು ಈ ತುದಿಯಿಂದ ಆ ತುದಿಗೆ ನೆಟ್ಟಗೆ ದಾಟುತ್ತ, ಐವತ್ತು ಹೆಜ್ಜೆಗೊಮ್ಮೆ ನಿಂತು ಕಂಡದ್ದನ್ನು ಬರೆಯುವುದು ನಮ್ಮ ಪದ್ಧತಿ. ನಡೆದ ದಾರಿಯನ್ನು ಕೈಯಲ್ಲಿನ ಜಿಪಿಎಸ್ ಯಂತ್ರ ಗೆರೆಯಾಗಿ ಉಳಿಸಿಕೊಳ್ಳುತ್ತದೆ. ಮರಡಿಯ ನಡುವೆ ಮೂರು ಎಕರೆಯಷ್ಟು ಸಪಾಟು ಬಯಲಿತ್ತು. ಅದರ ಅಂಚಿಗೆ ಬಂದಾಗ ಮಾಳಪ್ಪ ಚಪ್ಪಲಿ ಬಿಟ್ಟರು. ಕುರಿಗಳು ಮಾತ್ರ ಬಯಲಿಗೆ ಕಾಲಿಡದೆ ಎರಡು ಪಾಲಾಗಿ, ಆ ಕಡೆ ಈ ಕಡೆ ಸುತ್ತಿಕೊಂಡು ಆಚೆ ಹೋದವು. “ಕಾಕಾ, ಇಲ್ಲೇನು ಗುಡಿ ಇತ್ತೇನು?” ಎಂದು ಚೇಷ್ಟೆ ಮಾಡಿದೆ. “ಏನೂ ಇಲ್ರಿ. ನಮ್ಮಪ್ಪ ಬಿಡತಿದ್ದ, ನಾನೂ ಬಿಡ್ತೇನಿ.” ನಾನು ಬೂಟು ಹಾಕಿಕೊಂಡೇ ನಡೆದೆ. ನಟ್ಟನಡುವೆ ಇಬ್ಬರೂ ಕೂತು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಆದರೂ ನೆಲಕ್ಕೆ ಕೈ ಊರಿದರೆ ತಂಪು. ಆಗ ಅದು ವಿಶೇಷವೆಂದು ಅನ್ನಿಸಲಿಲ್ಲ. ಅಂದು ನಾಲ್ಕು ಸಲ ಆ ಬಯಲನ್ನು ದಾಟಿದೆ.

ಮರುದಿನ ಕಚೇರಿಯಲ್ಲಿ ಆ ಗೆರೆಗಳನ್ನು ಕಂಪ್ಯೂಟರಿಗೆ ಹಾಕಿದವಳು ನನ್ನ ಸಹೋದ್ಯೋಗಿ ರಜಿಯಾ. ಇಳಕಲ್ಲಿನ ನೇಕಾರರ ಮನೆಯ ಮಗಳು, ಒಂದೆಳೆ ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತದೆ ಎಂದು ನಾವೆಲ್ಲ ಕಾಡುತ್ತಿದ್ದೆವು. “ಸರ್, ನಡುವ ಯಾಕ ಸುತ್ತು ಹಾಕೀರಿ?” ಎಂದು ಕೇಳಿದಳು. ನೋಡಿದೆ. ನಾಲ್ಕೂ ಗೆರೆಗಳು ನೆಟ್ಟಗೆ ಬಂದು, ಬಯಲಿನ ಅಂಚಿನಲ್ಲಿ ಬಾಗಿ, ಅರ್ಧ ಸುತ್ತು ಹಾಕಿ, ಆಚೆ ಹೋಗಿ ಮತ್ತೆ ನೆಟ್ಟಗಾಗಿದ್ದವು. ಎರಡು ಬಲಕ್ಕೆ, ಎರಡು ಎಡಕ್ಕೆ. ನಾವು ಕೂತು ಉಂಡ ಜಾಗದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಯಂತ್ರ ಕೆಟ್ಟಿದೆ ಎಂದುಕೊಂಡು ಬೇರೊಂದು ಯಂತ್ರ ಹಿಡಿದು ಒಬ್ಬನೇ ಹೋದೆ. ಬಯಲನ್ನು ನಡುವೆಯೇ ಹಾಯ್ದು ದಾಟಿದೆ, ಎರಡು ನಿಮಿಷ ಹಿಡಿಯಿತು. ಅಲ್ಲೇ ನಿಂತು ಪರದೆ ನೋಡಿದರೆ ಗೆರೆ ಸುತ್ತಿ ಬಂದಿತ್ತು. ಇನ್ನೊಮ್ಮೆ ದಾಟಿದೆ, ಹಾಗೆಯೇ ಆಯಿತು. ಅಂಚಿನ ಕಲ್ಲು, ಬಾರಿ ಮುಳ್ಳಿನ ಕಂಟಿಗಳ ನಡುವೆ ನಿಜವಾಗಿ ಸುತ್ತಿ ನಡೆದೂ ನೋಡಿದೆ. ಐದು ನಿಮಿಷ ಬೇಕಾಯಿತು. ಹಾಗಾದರೆ ಎರಡೇ ನಿಮಿಷದಲ್ಲಿ ಸುತ್ತಿ ಬಂದವರು ಯಾರು? ನನಗೆ ಹೆದರಿಕೆಯಾಯಿತು ಎಂದು ಹೇಳಲು ಈಗ ನಾಚಿಕೆಯಿಲ್ಲ. ಹಾಡುಹಗಲು, ಕೆಳಗೆ ಬಾವಿಯ ಹತ್ತಿರ ಹೆಣ್ಣುಮಕ್ಕಳು ನೀರು ಸೇದುತ್ತ ಹರಟುವುದು ಕೇಳುತ್ತಿತ್ತು. ಆದರೂ ನನ್ನ ಕಾಲುಗಳು ಎಲ್ಲಿವೆ ಎಂದು ಬಗ್ಗಿ ನೋಡಿಕೊಂಡೆ.

ರಜಿಯಾ ಸರಳವಾಗಿ ಹೇಳಿದಳು: “ಗೊತ್ತಾಗಲಿಲ್ಲ ಅಂದ್ರ ಗೊತ್ತಾಗಲಿಲ್ಲ ಅಂತ ಬರೀರಿ ಸರ್. ಅಷ್ಟು ಜಾಗಾ ಖಾಲಿ ಬಿಡೂಣ್ರಿ.” ಖಾಲಿ ಬಿಟ್ಟರೆ ಮರಡಿಯ ಸರ್ವೆ ಅಪೂರ್ಣವಾಗುತ್ತಿತ್ತು. ಮೇಲಿನವರು ಮತ್ತೆ ಬಂದು ನೋಡುತ್ತಿದ್ದರು, ಏನಾಯಿತು ಎಂದು ಕೇಳುತ್ತಿದ್ದರು. ಅಲ್ಲಿಯವರೆಗೆ ಮಂದಿಗೆ ನಕ್ಕವನು ನಾನು. ಇನ್ನು ಮಂದಿ ನನಗೆ ನಗುತ್ತಾರೆ ಎಂಬ ಅಂಜಿಕೆ. ಅವಳು ಊಟಕ್ಕೆ ಹೋದ ಹೊತ್ತಿನಲ್ಲಿ, ಮೌಸಿನಿಂದ ಒಂದೊಂದೇ ಚುಕ್ಕೆಯನ್ನು ಹಿಡಿದೆಳೆದು ಗೆರೆಗಳನ್ನು ನೆಟ್ಟಗೆ ಮಾಡಿದೆ. ಬಯಲಿಗೆ ಸುತ್ತಲಿನ ಕಲ್ಲುನೆಲದ ಅಂಕವನ್ನೇ ಕೊಟ್ಟೆ, ನೀರಿಗೆ ಸೊನ್ನೆ. ಮೂಲ ಗೆರೆಗಳನ್ನು ಅಳಿಸಿದೆ. ಮರಡಿ ಇಡಿಯಾಗಿ ಬೂದು ಬಣ್ಣಕ್ಕೆ ತಿರುಗಿತು. ರಜಿಯಾ ಬಂದು ನೋಡಿ ತನ್ನ ಕೆಲಸಕ್ಕೆ ಕೂತಳು. ಆಮೇಲೆ ನನ್ನೊಡನೆ ಅವಳ ಮಾತು ಕಡಿಮೆಯಾಯಿತು.

ಮೂರು ವರ್ಷ ಕಳೆದ ಮೇಲೆ ಕೂಡಲಸಂಗಮಕ್ಕೆ ಹೋಗಿ ಬರುತ್ತ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೆ. ಮಾಳಪ್ಪನವರೇ ನನ್ನ ಗುರುತು ಹಿಡಿದು ಮಾತಾಡಿಸಿದರು. ಮರಡಿಯಲ್ಲಿ ಕ್ವಾರಿ ಆಗಿತ್ತು. ನಡುವಿನ ಬಯಲನ್ನು ಒಡೆದಾಗ ಬುಗ್ಗೆಯೆದ್ದು ನೀರು ಬಂತಂತೆ. ಪಂಪು ಹಚ್ಚಿ ತಿಂಗಳುಗಟ್ಟಲೆ ಹಳ್ಳಕ್ಕೆ ಬಿಟ್ಟರಂತೆ. ಆ ಬೇಸಿಗೆಗೆ ಬಾವಿಯ ತಳ ಕಂಡಿತು, ಮತ್ತೆ ತುಂಬಲಿಲ್ಲ. ಈಗ ಊರಿಗೆ ಟ್ಯಾಂಕರ್ ಬರುತ್ತದೆ. ಅದು ಬಾರದ ದಿನ ಹೆಣ್ಣುಮಕ್ಕಳು ಕೊಡ ಹೊತ್ತು ಪಕ್ಕದ ಊರಿಗೆ ಹೋಗುತ್ತಾರೆ. ಮಾಳಪ್ಪನವರು ಕುರಿ ಹೊಡೆದುಕೊಂಡು ಮಲಪ್ರಭೆಯ ದಂಡೆಗೆ. ಇದನ್ನೆಲ್ಲ ಯಾರ ಮೇಲೂ ಸಿಟ್ಟಿಲ್ಲದೆ, ನನ್ನ ಮನೆಯ ಕ್ಷೇಮ ಕೇಳುತ್ತಲೇ ಹೇಳಿದರು. ನಕಾಶೆಯ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ.

ಗೆರೆ ಯಾಕೆ ಬಾಗಿತು ಎಂದು ತಿಳಿದವರನ್ನು ಕೇಳಿದ್ದೇನೆ. ಕಲ್ಲಿನಲ್ಲಿ ಕಬ್ಬಿಣದ ಅಂಶವಿರಬಹುದು ಎಂದರು ಒಬ್ಬರು, ಉಪಗ್ರಹದ ಸಂಕೇತ ತಪ್ಪಿರಬಹುದು ಎಂದರು ಇನ್ನೊಬ್ಬರು. ಎರಡು ಬೇರೆ ಯಂತ್ರಗಳು, ಬೇರೆ ಬೇರೆ ದಿನ, ಅದೇ ಅಂಚಿನಲ್ಲಿ ಬಾಗಿದ್ದನ್ನು ಹೇಳಿದಾಗ, ಎಲ್ಲಿ ತೋರಿಸಿ ಎಂದರು. ತೋರಿಸೋಣವೆಂದರೆ ಆ ಗೆರೆಗಳೂ ಉಳಿದಿಲ್ಲ. ಅದು ಏನೆಂದು ನನಗೆ ಇಂದಿಗೂ ತಿಳಿದಿಲ್ಲ, ಇನ್ನು ತಿಳಿಯುವ ದಾರಿಯೂ ಇಲ್ಲ. ಗೊತ್ತಿಲ್ಲ ಎಂದು ಒಂದು ಮಾತು ಬರೆದಿದ್ದರೆ ಸಾಕಿತ್ತು, ಯಾರಾದರೂ ಬಂದು ನೋಡುತ್ತಿದ್ದರು. ಬಾವಿ ಉಳಿಯುತ್ತಿತ್ತೋ ಏನೋ. ಈ ‘ಏನೋ’ ನನ್ನನ್ನು ಬಿಡುವುದಿಲ್ಲ.

ಹುನಗುಂದದಲ್ಲಿ ಮಾಳಪ್ಪನವರು ಸಿಕ್ಕ ದಿನ ನಾನು ಬಸ್ಸು ಹತ್ತಲಿಲ್ಲ, ಅವರ ಸಂಗಡ ಮರಡಿಗೆ ಹೋದೆ. ದಾರಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ, ಗೆರೆ ಸುತ್ತಿದ್ದನ್ನು, ನಾನು ಅದನ್ನು ಎಳೆದು ನೆಟ್ಟಗೆ ಮಾಡಿದ್ದನ್ನು. ಅವರು ಮುಂದೆ ದಾರಿ ತೋರಿಸುತ್ತ ನಡೆದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬಯಲಿದ್ದ ಜಾಗ ಈಗ ತಗ್ಗು, ಅದರ ನಡುವೆಯೇ ಲಾರಿ ಓಡಾಡುವ ದಾರಿ. ಮೊಬೈಲಿನಲ್ಲಿ ಜಿಪಿಎಸ್ ಹಚ್ಚಿಕೊಂಡು, ಕಲ್ಲಿನ ಪುಡಿಯಲ್ಲಿ ಕಾಲು ಹುಗಿಯುತ್ತ ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ.

“ಏನ್ ಬಂತ್ರಿ?” ಎಂದು ಕೇಳಿದರು.

“ನೆಟ್ಟಗ ಬಂತು, ಕಾಕಾ.”

ಅವರು ಕ್ವಾರಿಯ ಕಡೆ ತಿರುಗಿದರು. “ನೆಟ್ಟಗ ಬರದ ಏನ್ ಮಾಡತೈತ್ರಿ” ಎಂದರು. “ಸುತ್ತಿ ಹೋಗಾಕ ಈಗ ಅಲ್ಲಿ ಏನ್ ಉಳದೈತಿ.”